ಫೈನಲ್ ಜಗಳ ಶುರುವಾಗುವುದು ಸುಣ್ಣದ ಗೆರೆಯಿಂದ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು ಮೈದಾನ ಒಣಗತೊಡಗಿದರೆ ಹುಬ್ಬಳ್ಳಿ–ಧಾರವಾಡದಲ್ಲಿ ಫುಟ್‌ಬಾಲ್ ಟೂರ್ನಿಗಳ ಕಾಲ ಬಂತೆಂದೇ ಅರ್ಥ. ಮೊದಲ ಸುತ್ತುಗಳು ಹೇಗೋ ಸಾಗುತ್ತವೆ. ಅಕ್ಕಪಕ್ಕದ ಓಣಿಗಳ ಎರಡು ಎದುರಾಳಿ ಕ್ಲಬ್‌ಗಳು ಫೈನಲ್‌ಗೆ ಬಂದವೆಂದರೆ ಮಾತ್ರ ಸಂಘಟಕರಿಗೆ ನಿದ್ದೆ ಇರುವುದಿಲ್ಲ. ಗಲಾಟೆಯಾದರೆ ಎಲ್ಲರೂ ದೂರುವುದು ಹುಡುಗರ ಬಿಸಿರಕ್ತವನ್ನು. ಆದರೆ ಹೆಚ್ಚಿನ ಜಗಳಗಳ ಬೇರು ಪಂದ್ಯದ ಹಿಂದಿನ ದಿನವೇ ಇಳಿದಿರುತ್ತದೆ. ಗೆರೆ ತಪ್ಪಾಗಿ ಬಿದ್ದಿರುತ್ತದೆ, ನಿಯಮ ಬರೆದು ಕೊಟ್ಟಿರುವುದಿಲ್ಲ, ಜನರನ್ನು ಎಲ್ಲಿ ನಿಲ್ಲಿಸಬೇಕೆಂದು ಯಾರೂ ಯೋಚಿಸಿರುವುದಿಲ್ಲ. ಈ ಸಲದ ಟೂರ್ನಿಗಳಿಗೆ ಮುಂಚೆ ಸಂಘಟಕರ ಗಮನಕ್ಕೆ ಕೆಲವು ವಿಷಯ ತರಬೇಕಿದೆ.

ಮೊದಲು ಮೈದಾನ. 100 ಮೀಟರ್ ಉದ್ದ, 64 ಮೀಟರ್ ಅಗಲ ಸಿಗುವ ಕಡೆ ಅಷ್ಟು ಗುರುತು ಮಾಡಿದರೆ ಸಾಕು. ಮೂಲೆ ಸರಿ ಇದೆಯೇ ಎಂದು ಕಣ್ಣಂದಾಜಿನಲ್ಲಿ ನೋಡಬಾರದು. ಮೂಲೆಯ ಗೂಟದಿಂದ ಒಂದು ಬದಿಗೆ 12 ಮೀಟರ್, ಇನ್ನೊಂದು ಬದಿಗೆ 16 ಮೀಟರ್ ಅಳೆದು ಗುರುತಿಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 20 ಮೀಟರ್ ಬಂದರೆ ಅದು ನೇರ ಮೂಲೆ. ನಾಲ್ಕೂ ಗೂಟ ಹೊಡೆದ ಮೇಲೆ ಕರ್ಣಗಳನ್ನು ಅಳೆಯಿರಿ. 100ಕ್ಕೆ 64 ಇದ್ದರೆ ಎರಡೂ 118.73 ಮೀಟರ್ ಬರಬೇಕು. ಅಳತೆಗೆ ಸುತಳಿ ಬೇಡ, ಎಳೆದಂತೆಲ್ಲ ಹಿಗ್ಗುತ್ತದೆ. ಸ್ಟೀಲ್ ಟೇಪೇ ಆಗಬೇಕು. ಸುತಳಿಯನ್ನು ಗೆರೆ ನೆಟ್ಟಗೆ ಬರುವುದಕ್ಕೆ ಮಾತ್ರ ಕಟ್ಟಿಕೊಳ್ಳಿ.

ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಗೋಲಿನ ಮುಂದಿನ ದೊಡ್ಡ ಚೌಕಟ್ಟಿನದು, ಅಂದರೆ ಪೆನಾಲ್ಟಿ ಬಾಕ್ಸಿನದು. 16.5 ಮೀಟರನ್ನು ಗೋಲ್ ಕಂಬದ ಒಳ ಅಂಚಿನಿಂದ ಪಕ್ಕಕ್ಕೆ ಅಳೆಯಬೇಕು. ಗೋಲಿನ ನಡುವಿನಿಂದ ಅಳೆದರೆ, 40.32 ಮೀಟರ್ ಇರಬೇಕಾದ ಬಾಕ್ಸಿನ ಅಗಲ 33 ಮೀಟರಿಗೆ ಇಳಿಯುತ್ತದೆ. ಒಂದೊಂದು ಬದಿಗೆ 3.66 ಮೀಟರ್ ಖೋತಾ. ಆ ಜಾಗದಲ್ಲಿ ಫೌಲ್ ಆದರೆ ನಿಯಮದ ಪ್ರಕಾರ ಪೆನಾಲ್ಟಿ, ಹೊಡೆದ ಗೆರೆಯ ಪ್ರಕಾರ ಫ್ರೀ ಕಿಕ್. ರೆಫರಿ ಯಾವುದನ್ನು ಕೊಟ್ಟರೂ ಒಂದು ಕಡೆಯವರು ಬಾಯಿ ಮಾಡಿಯೇ ಮಾಡುತ್ತಾರೆ. ಗೆರೆಯೂ ಬಾಕ್ಸಿಗೇ ಸೇರಿದ್ದು, ಆದ್ದರಿಂದ ಗೆರೆಯ ಮೇಲಿನ ಫೌಲ್ ಸಹ ಪೆನಾಲ್ಟಿಯೇ. ಬಾಕ್ಸಿನ ಹೊರಗಿನ ಅರ್ಧಚಂದ್ರವನ್ನು 11 ಮೀಟರಿನ ಪೆನಾಲ್ಟಿ ಗುರುತಿನಿಂದ 9.15 ಮೀಟರ್ ಟೇಪ್ ಹಿಡಿದು ಎಳೆಯಬೇಕು. ಸರಿಯಾಗಿ ಬಿದ್ದರೆ ನಡುವಿನಲ್ಲಿ ಅದು ಬಾಕ್ಸಿನ ಗೆರೆಗಿಂತ 3.65 ಮೀಟರ್ ಮುಂದೆ ಬರುತ್ತದೆ. ಇದೊಂದನ್ನು ಅಳೆದರೆ ಉಳಿದ ಲೆಕ್ಕವೂ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ. ಗೆರೆಯ ಅಗಲ 12 ಸೆಂಟಿಮೀಟರ್ ದಾಟಬಾರದು.

ಗೋಲ್ ಕಂಬಗಳ ನಡುವೆ 7.32 ಮೀಟರ್, ನೆಲದಿಂದ ಅಡ್ಡಪೈಪಿನ ಕೆಳ ಅಂಚಿಗೆ 2.44 ಮೀಟರ್. ಎತ್ತರವನ್ನು ಎರಡೂ ಕಂಬದ ಬಳಿ ಮತ್ತು ನಡುವಿನಲ್ಲಿ, ಮೂರೂ ಕಡೆ ನೋಡಬೇಕು. ಗೋಲ್‌ಕೀಪರ್ ತುಳಿದು ತುಳಿದು ನಡುವೆ ಗುಂಡಿ ಬಿದ್ದರೆ ಗೋಲು ಎತ್ತರವಾಗುತ್ತದೆ, ಅದನ್ನು ಮುಚ್ಚಲು ಗರಸು ಸುರಿದರೆ ಕುಳ್ಳಗಾಗುತ್ತದೆ. ಎತ್ತಿಡುವ ಕಂಬಗಳಾದರೆ ಹಿಂದಿನ ಪಟ್ಟಿಯನ್ನು ನೆಲಕ್ಕೆ ಗೂಟ ಹೊಡೆದು ಬಿಗಿಯದೆ ಆಟ ಆರಂಭಿಸಲೇಬಾರದು. ಹುಡುಗರು ಜೋತು ಬೀಳುತ್ತಾರೆ, ಕಂಬ ಮುಂದಕ್ಕೆ ಮಗುಚುತ್ತದೆ. ಜೀವ ಹೋಗುವ ವಿಷಯ ಇದು.

ಗೆರೆಗೆ ಕಲ್ಲುಸುಣ್ಣವಾಗಲಿ, ಅರಳಿಸಿದ ಸುಣ್ಣವಾಗಲಿ ದಯವಿಟ್ಟು ಬಳಸಬೇಡಿ. ಅದು ತೀಕ್ಷ್ಣ ಕ್ಷಾರ. ಬೆವರಿನ ಮೈಗೆ ತಾಗಿದರೆ ಚರ್ಮ ಸುಡುತ್ತದೆ, ನೆಲದ ಮೇಲೆ ಜಾರಿ ಚೆಂಡು ಕಸಿಯುವಾಗ (ಸ್ಲೈಡಿಂಗ್ ಟ್ಯಾಕಲ್) ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು. ಅಕಸ್ಮಾತ್ ಬಿದ್ದರೆ ಕಣ್ಣು ಉಜ್ಜಲು ಬಿಡದೆ ಕನಿಷ್ಠ 15–20 ನಿಮಿಷ ಸ್ವಚ್ಛ ನೀರು ಬಿಡುತ್ತಾ ಇದ್ದು, ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಒಣ ನೆಲಕ್ಕೆ ಚಾಕ್ ಪುಡಿ, ಹುಲ್ಲಿದ್ದರೆ ನೀರು ಬೆರೆಸಿದ ಬಿಳಿ ಎಮಲ್ಶನ್ ಬಣ್ಣ ಸಾಕು.

ನಮ್ಮ ಭಾಗದ ಮಣ್ಣಿನ ಬಗ್ಗೆಯೂ ಒಂದು ಮಾತು. ಹುಬ್ಬಳ್ಳಿಯಿಂದ ಗದಗಿನತ್ತ ಹೋದಂತೆ ಎರೆಮಣ್ಣು. ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಹಿಂದಿನ ದಿನ ಸಂಜೆ ಬಿರುಕುಗಳಿಗೆ ಜರಡಿ ಹಿಡಿದ ಮಣ್ಣು ತುಂಬಿ, ನೀರು ಚಿಮುಕಿಸಿ, ಬೆಳಿಗ್ಗೆ ರೋಲರ್ ಎಳೆಯಿರಿ. ಹಿಡಿ ಮಣ್ಣು ಹಿಸುಕಿದಾಗ ಅಂಗೈಗೆ ಅಂಟಿದರೆ ರೋಲರ್ ಮುಟ್ಟಬೇಡಿ. ಆಗ ಎಳೆದರೆ ಮಣ್ಣೆಲ್ಲ ರೋಲರಿಗೇ ಹತ್ತುತ್ತದೆ, ನೆಲ ಒಣಗಿದಾಗ ಕಲ್ಲಾಗುತ್ತದೆ. ಅಕಾಲಿಕ ಮಳೆಗೆ ನಿಂತ ನೀರನ್ನು ಬಕೆಟ್, ಸ್ಪಂಜಿನಿಂದ ತೆಗೆಯಬೇಕು. ಅದರ ಮೇಲೆ ಮಣ್ಣು ಸುರಿದರೆ ಕೆಸರು ಇಮ್ಮಡಿ.

ಇನ್ನು ಸಮಯ. 90 ನಿಮಿಷ ಆಟ, 15 ನಿಮಿಷ ವಿರಾಮ, ಹೆಚ್ಚುವರಿ ಆಟ 30 ನಿಮಿಷ, ಗಾಯ ಮತ್ತು ಬದಲಿ ಆಟಗಾರರ ಲೆಕ್ಕ 10, ಆಗಲೂ ಸಮವಾದರೆ ಪೆನಾಲ್ಟಿ ಒದ್ದು ಗೆದ್ದವರನ್ನು ತೀರ್ಮಾನಿಸುವ ಟೈಬ್ರೇಕರ್‌ಗೆ 15, ನಡುನಡುವೆ ನೀರು ಕುಡಿಯಲು ಐದಾರು. ಒಟ್ಟು ಎರಡೂಮುಕ್ಕಾಲು ಗಂಟೆ ದಾಟುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ನಮ್ಮಲ್ಲಿ ಸೂರ್ಯ ಆರರ ಆಸುಪಾಸಿನಲ್ಲಿ ಮುಳುಗುತ್ತಾನೆ. ಲೈಟ್ ಇಲ್ಲದ ಮೈದಾನದಲ್ಲಿ ಮೂರು ಗಂಟೆಗೆ ಸೀಟಿ ಊದಲೇಬೇಕು. ಅತಿಥಿಗಳು ಬರಲಿ ಎಂದು ನಾಲ್ಕರವರೆಗೆ ಕಾದು, ಮೇಲೆ ಅರ್ಧ ಗಂಟೆ ಭಾಷಣ ಮಾಡಿಸಿದರೆ ಪೆನಾಲ್ಟಿ ಒದೆಯುವುದು ಕತ್ತಲಲ್ಲಿ. ಚೆಂಡು ಗೆರೆ ದಾಟಿತೋ ಇಲ್ಲವೋ ಯಾರಿಗೂ ಕಾಣುವುದಿಲ್ಲ. ಸನ್ಮಾನ, ಹಾರ, ಭಾಷಣ ಎಲ್ಲವೂ ಪಂದ್ಯ ಮುಗಿದ ಮೇಲಿರಲಿ. ಅವಧಿಯನ್ನು ಕಡಿಮೆ ಮಾಡುವುದಿದ್ದರೆ ಟೂರ್ನಿ ನಿಯಮದಲ್ಲಿ ಅದಕ್ಕೆ ಅವಕಾಶವಿದ್ದು, ರೆಫರಿ ಮತ್ತು ಎರಡೂ ತಂಡಗಳು ಪಂದ್ಯಕ್ಕೆ ಮುಂಚೆಯೇ ಒಪ್ಪಿರಬೇಕು. ವಿರಾಮದಲ್ಲಿ ಮಾತಾಡಿ ಇಳಿಸುವಂತಿಲ್ಲ.

ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಎರಡು ದಿನ ಮುಂಚೆ ಇಬ್ಬರೂ ಕ್ಯಾಪ್ಟನ್‌ಗಳ ಸಹಿ ಪಡೆಯಬೇಕು. ಬದಲಿ ಆಟಗಾರರೆಷ್ಟು, ಹೊರಗಿನಿಂದ ಕರೆಸಿದ ಆಟಗಾರರಿಗೆ ಅವಕಾಶವಿದೆಯೇ, ಸಮವಾದರೆ ಹೆಚ್ಚುವರಿ ಆಟವೋ ನೇರ ಟೈಬ್ರೇಕರೋ, ಎಲ್ಲವೂ ಅದರಲ್ಲಿರಲಿ. ಟೈಬ್ರೇಕರ್ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಕೊನೆಯ ಸೀಟಿ ಊದಿದಾಗ ಆಟದಲ್ಲಿದ್ದವರು ಮಾತ್ರ ಒದೆಯಬಹುದು. ಬೆಂಚಿನಲ್ಲಿ ಕೂತಿದ್ದ ‘ಪೆನಾಲ್ಟಿ ಸ್ಪೆಷಲಿಸ್ಟ್’ನನ್ನು ಆಮೇಲೆ ಇಳಿಸುವಂತಿಲ್ಲ. ಒಂದು ತಂಡದಲ್ಲಿ ಹತ್ತೇ ಜನ ಉಳಿದಿದ್ದರೆ ಎದುರಿನ ತಂಡವೂ ಒಬ್ಬರನ್ನು ಬಿಟ್ಟು ಹತ್ತಕ್ಕೆ ಇಳಿಯಬೇಕು. ನಾಣ್ಯ ಎರಡು ಸಲ ಚಿಮ್ಮಿಸಬೇಕು, ಒಮ್ಮೆ ಯಾವ ಗೋಲ್ ಎಂಬುದಕ್ಕೆ, ಇನ್ನೊಮ್ಮೆ ಯಾರು ಮೊದಲು ಎಂಬುದಕ್ಕೆ. ಒದೆಯುವ ಕ್ಷಣದಲ್ಲಿ ಗೋಲ್‌ಕೀಪರನ ಒಂದು ಪಾದದ ಭಾಗವಾದರೂ ಗೋಲ್ ಗೆರೆಯ ಮೇಲೆ, ಗೆರೆಯ ನೇರಕ್ಕೆ ಅಥವಾ ಗೆರೆಯ ಹಿಂದೆ ಇರಬೇಕು. ಪಂದ್ಯದಲ್ಲಿ ಬಂದ ಹಳದಿ ಕಾರ್ಡ್ ಟೈಬ್ರೇಕರ್‌ಗೆ ಮುಂದುವರಿಯುವುದಿಲ್ಲ; ಅಲ್ಲಿ ಇನ್ನೊಂದು ಹಳದಿ ಬಂದರೆ ಅದು ಕೆಂಪಾಗುವುದಿಲ್ಲ.

ಫ್ರೀ ಕಿಕ್ ವಿಷಯಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿ. ಕೇರಳ ಬ್ಲಾಸ್ಟರ್ಸ್ ಆಟಗಾರರು ಫ್ರೀ ಕಿಕ್‌ಗೆ ಅಡ್ಡಲಾಗಿ ಸಾಲು ನಿಂತು ‘ಗೋಡೆ’ ಕಟ್ಟುತ್ತಿದ್ದಾಗಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಒದ್ದರು, ರೆಫರಿ ಗೋಲು ಕೊಟ್ಟರು, ಕೇರಳದ ತಂಡ ಮೈದಾನ ಬಿಟ್ಟು ಹೋಯಿತು. ಪಂದ್ಯವೂ ಹೋಯಿತು, ಫೆಡರೇಶನ್ ಹಾಕಿದ 4 ಕೋಟಿ ರೂಪಾಯಿ ದಂಡವೂ ಬಿತ್ತು. ಪ್ರತಿ ಫ್ರೀ ಕಿಕ್‌ಗೂ ಸೀಟಿ ಬೇಕಿಲ್ಲ. ಗೋಡೆ ಹಿಂದೆ ಸರಿಸುವಾಗ, ಕಾರ್ಡ್ ತೋರಿಸಿದಾಗ, ಬದಲಿ ಆಟಗಾರ ಬಂದಾಗ ರೆಫರಿ ಸೀಟಿಗೆ ಕಾಯಲು ಹೇಳುತ್ತಾರೆ. ಇದನ್ನು ಕ್ಯಾಪ್ಟನ್‌ಗಳ ಸಭೆಯಲ್ಲೇ ಹೇಳಿಬಿಡಿ. ರೆಫರಿ ಮತ್ತು ಇಬ್ಬರು ಲೈನ್ಸ್‌ಮನ್‌ಗಳು ಎರಡೂ ಕ್ಲಬ್ಬಿನ ಓಣಿಗಳವರಾಗದಿರಲಿ. ಬೆಳಗಾವಿ ಹತ್ತಿರವೇ ಇದೆ, ಅಲ್ಲಿಂದ ಕರೆಸಬಹುದು. ಅವರ ಭತ್ಯೆಯನ್ನು ಪಂದ್ಯಕ್ಕೆ ಮುಂಚೆಯೇ ಕೊಟ್ಟುಬಿಡಬೇಕು.

ಜನರ ವಿಷಯದಲ್ಲಿ ಕೋಲ್ಕತ್ತ ಕಲಿತ ಪಾಠ ಬಹಳ ಕಹಿ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗನ್–ಈಸ್ಟ್ ಬೆಂಗಾಲ್ ಲೀಗ್ ಪಂದ್ಯದ ವೇಳೆ ಎರಡೂ ಕಡೆಯ ಅಭಿಮಾನಿಗಳು ಒಂದೇ ಸ್ಟ್ಯಾಂಡಿನಲ್ಲಿ ಬೆರೆತು ಕೂತಿದ್ದರು. ಮೈದಾನದಲ್ಲಿ ಆಟಗಾರರ ನಡುವೆ ಹತ್ತಿದ ಕಿಡಿ ಮೇಲಕ್ಕೇರಿತು, 16 ಜನ ಸತ್ತರು. ಅದೇ ಎರಡು ತಂಡಗಳು 2023ರ ಸೆಪ್ಟೆಂಬರ್ 3ರಂದು ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಎದುರಾದವು. 62ನೇ ನಿಮಿಷಕ್ಕೆ ಅನಿರುದ್ಧ ಥಾಪಾ ಎರಡನೇ ಹಳದಿ ಪಡೆದು ಹೊರಹೋದ ಮೇಲೂ ಹತ್ತು ಜನರ ಮೋಹನ್ ಬಾಗನ್, ದಿಮಿತ್ರಿ ಪೆಟ್ರಾಟೋಸ್ 71ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ 1–0ರಲ್ಲಿ ಕಪ್ ಎತ್ತಿತು. ಅಷ್ಟು ಹಳೆಯ ವೈರವಿದ್ದರೂ ಜನ ನೆನಪಿಟ್ಟಿದ್ದು ಆ ಗೋಲನ್ನು.

ನಮ್ಮಲ್ಲಿ ಗ್ಯಾಲರಿ ಇಲ್ಲದ ಮೈದಾನದಲ್ಲೂ ಎರಡೂ ಕಡೆಯ ಬೆಂಬಲಿಗರನ್ನು ಬೇರೆ ಬೇರೆ ನಿಲ್ಲಿಸಬಹುದು. ಒಂದು ಕ್ಲಬ್ಬಿನವರಿಗೆ ಪೂರ್ವದ ಉದ್ದಗೆರೆಯ ಬದಿ, ಇನ್ನೊಬ್ಬರಿಗೆ ಪಶ್ಚಿಮದ ಬದಿ. ಗೆರೆಯಿಂದ ಕನಿಷ್ಠ ಮೂರು ಮೀಟರ್ ಬಿಟ್ಟು ಬಿದಿರು ನೆಟ್ಟು ಹಗ್ಗ ಕಟ್ಟಿ. ಗೋಲುಗಳ ಹಿಂದೆ ಯಾರನ್ನೂ ನಿಲ್ಲಿಸಬೇಡಿ. ಗೋಲ್‌ಕೀಪರನ ಕಿವಿಗೆ ಬೀಳುವ ಬೈಗುಳದಿಂದಲೇ ಬಹಳ ಗಲಾಟೆಗಳು ಹತ್ತಿಕೊಳ್ಳುತ್ತವೆ. ಹೊರಹೋಗುವ ದಾರಿಗಳು ಬೇರೆ ಬೇರೆಯಾಗಿರಲಿ. ಒಂದೇ ಗೇಟ್ ಇದ್ದರೆ ಸೋತವರ ಬೆಂಬಲಿಗರನ್ನು ಮೊದಲು ಬಿಟ್ಟು, ಕಾಲು ಗಂಟೆ ಆದ ಮೇಲೆ ಗೆದ್ದವರ ಮೆರವಣಿಗೆ. ಪಟಾಕಿ ಒಳಗೆ ಬೇಡ.

ಗೇಟಿನ ಬಳಿ ಆಂಬುಲೆನ್ಸ್ ನಿಲ್ಲಲು ಜಾಗ ಬಿಡಿ, ಅದರ ಮುಂದೆ ಬೈಕ್ ನಿಲ್ಲಿಸಲು ಬಿಡಬೇಡಿ. ತಲೆಗೆ ಪೆಟ್ಟು ಬಿದ್ದ ಆಟಗಾರ ಒಂದು ಕ್ಷಣ ತಬ್ಬಿಬ್ಬಾದರೂ ಅವನ ಆಟ ಅಂದಿಗೆ ಮುಗಿಯಿತು; ‘ಫೈನಲ್ ಅಲ್ವಾ, ಆಡ್ತೀನಿ’ ಎಂದರೆ ಕೋಚ್ ಒಪ್ಪಬಾರದು.

ತಮ್ಮಲ್ಲೂ ಒಂದು ವಿನಂತಿ. ಟೂರ್ನಿಯ ಸುದ್ದಿ ಹಾಕುವಾಗ ಉದ್ಘಾಟಕರ ಹೆಸರಿನ ಜತೆಗೆ, ಸಮವಾದರೆ ಫಲಿತಾಂಶ ಹೇಗೆ ನಿರ್ಧಾರ ಎಂಬ ಎರಡು ಸಾಲನ್ನೂ ಪ್ರಕಟಿಸಿ. ಓದುವ ಜನವೇ ಮೈದಾನಕ್ಕೆ ಬರುವವರು.

ಇಂತಿ,
ಒಬ್ಬ ಫುಟ್‌ಬಾಲ್ ರೆಫರಿ
ಹುಬ್ಬಳ್ಳಿ