ಜಪಾನ್ ಅಂದರೆ ಬುಲೆಟ್ ರೈಲು ಅಷ್ಟೇ ಅಲ್ಲ

ಸಂಪಾದಕರೇ,

ಪತ್ರಿಕೆಗಳ ಪ್ರವಾಸ ಪುಟದಲ್ಲಿ ಜಪಾನ್ ಬಂತು ಅಂದರೆ ಟೋಕಿಯೊ, ಕ್ಯೋಟೊ, ಫುಜಿ ಪರ್ವತ, ಬುಲೆಟ್ ರೈಲು. ಅಲ್ಲಿಗೆ ಮುಗೀತು. ಕ್ಯೂಶು ದ್ವೀಪದ ಕಡೆ ಯಾರೂ ತಲೆ ಹಾಕುವುದಿಲ್ಲ. ಫುಕುವೋಕಾದಲ್ಲಿರುವ ನನಗೆ ಇದು ಸ್ವಲ್ಪ ಬೇಜಾರಿನ ವಿಷಯ. ಇಲ್ಲಿನ ಚಿಕುಗೋ ನದಿಯ ಹಳೇ ರೈಲು ಸೇತುವೆ ಬಗ್ಗೆ ನೀವಾದರೂ ಬರೆಸಬೇಕು.

ನದಿ ಇನ್ನೇನು ಅರಿಯಾಕೆ ಸಮುದ್ರ ಸೇರುತ್ತದೆ ಅನ್ನುವಲ್ಲಿ, ಒಕಾವಾ ಊರಿಗೂ ಆಚೆ ದಡದ ಸಾಗಾಕ್ಕೂ ನಡುವೆ ಈ ಕೆಂಪು ಉಕ್ಕಿನ ಸೇತುವೆ ಇದೆ. 1935ರಲ್ಲಿ ಕಟ್ಟಿದ್ದು, ಉದ್ದ ಸುಮಾರು 507 ಮೀಟರ್. ಆಗ ನದಿಯಲ್ಲಿ ಹಡಗುಗಳ ಓಡಾಟ ಜಾಸ್ತಿ. ಸಮುದ್ರದ ಉಬ್ಬರ ಇಳಿತವೋ 6 ಮೀಟರ್‌ವರೆಗೂ ಇರುತ್ತದೆ. ಅದಕ್ಕೇ ನಡುವಿನ 24 ಮೀಟರ್ ಉದ್ದದ ತುಂಡನ್ನು ಹಾಗೇ ಲಿಫ್ಟಿನಂತೆ 23 ಮೀಟರ್ ಮೇಲೆತ್ತುವ ಏರ್ಪಾಡು ಮಾಡಿದರು. ಅಕ್ಕಪಕ್ಕದ ಗೋಪುರಗಳಲ್ಲಿ ಸರಿತೂಕದ ಭಾರ ಇಳಿಯುತ್ತದೆ, ಸೇತುವೆ ಏರುತ್ತದೆ. ನಮ್ಮ ಹೊಲದ ಏತದ ಲೆಕ್ಕವೇ, ಮೋಟಾರಿಗೆ ಹೆಚ್ಚು ಶ್ರಮವಿಲ್ಲ. ಈ ಯಂತ್ರ ರೂಪಿಸಿದ ಎಂಜಿನಿಯರ್ ಸಕಾಮೊಟೊ ತನೆಯೋಶಿ ಹೆಸರಾಂತ ಜಾದೂಗಾರರೂ ಹೌದು!

1987ರಲ್ಲಿ ಈ ಸೇತುವೆ ಮೇಲೆ ಹಾದುಹೋಗುತ್ತಿದ್ದ ರೈಲು ಮಾರ್ಗ, ಸಾಗಾ ಲೈನ್, ಮುಚ್ಚಿತು. ರೈಲೇ ಇಲ್ಲದ ಮೇಲೆ ಸೇತುವೆ ಯಾಕೆ, ಕೆಡವೋಣ ಅನ್ನುವ ಮಾತು ಬಂತು. ಊರವರು ಬಿಡಲಿಲ್ಲ. 1996ರಿಂದ ಅದು ಜನ ನಡೆದಾಡುವ ದಾರಿ. 2003ರಲ್ಲಿ ದೇಶದ ಮುಖ್ಯ ಸಾಂಸ್ಕೃತಿಕ ಆಸ್ತಿಗಳ ಪಟ್ಟಿಗೂ ಸೇರಿತು.

ಪಟ್ಟಿಗೆ ಸೇರಿಸುವುದು ಸುಲಭ ಬಿಡಿ. ಬೇಲಿ ಕಟ್ಟಿ, ‘ಮುಟ್ಟಬೇಡಿ’ ಬೋರ್ಡ್ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು ಅಲ್ವಾ? ಇವರು ಹಾಗೆ ಮಾಡಲಿಲ್ಲ. ಯಂತ್ರವನ್ನು ಓಡಿಸುತ್ತಲೇ ಇದ್ದಾರೆ. ಜಪಾನಿನಲ್ಲಿ ಉಳಿದಿರುವ ಇಂಥ ಸೇತುವೆಗಳಲ್ಲಿ ಇದೇ ಅತಿ ಹಳೆಯದು, ಆದರೂ ಸೋಮವಾರ ಬಿಟ್ಟು ದಿನಾ ಏರಿಳಿಯುತ್ತದೆ. ಗೇಟ್ ಹಾಕುತ್ತಾರೆ, ನಡುವಿನ ತುಂಡು ನಿಧಾನಕ್ಕೆ ಮೇಲೇಳುತ್ತದೆ, ದೋಣಿಗಳಿಗೆ ದಾರಿಯಾಗುತ್ತದೆ. ಅಷ್ಟು ಹೊತ್ತು ನಾವು ಇತ್ತ ಕಡೆ ಕಾಯಬೇಕು. ಇಳಿತದ ಸಮಯವಾದರೆ ದಡದುದ್ದಕ್ಕೂ ಬೂದು ಬಣ್ಣದ ಕೆಸರು ಹೊಳೆಯುತ್ತಿರುತ್ತದೆ. ಕಾಯುವ ಬೇಸರ ಯಾರ ಮುಖದಲ್ಲೂ ಕಾಣದು. ಮಕ್ಕಳಂತೂ ಕತ್ತೆತ್ತಿ ಚಕ್ರಗಳನ್ನೇ ನೋಡುತ್ತಿರುತ್ತಾರೆ.

ಹಳೇ ಸೇತುವೆಗೆ ಇದಕ್ಕಿಂತ ಒಳ್ಳೆಯ ಮರ್ಯಾದೆ ನನಗಂತೂ ತೋಚುವುದಿಲ್ಲ. ಕ್ಯೂಶು ಕಡೆ ಬರುವ ಕನ್ನಡಿಗರು ಅರ್ಧ ದಿನ ಎತ್ತಿಡಲಿ. ಫುಕುವೋಕಾದ ಹಕಾಟಾದಿಂದ ಸಾಗಾಕ್ಕೆ ರೈಲು, ಅಲ್ಲಿಂದ ಬಸ್ಸು. ಸೋಮವಾರ ಮಾತ್ರ ಬರಬೇಡಿ, ಅವತ್ತು ರಜೆ.

ಇತಿ,
ನಿಮ್ಮ ಓದುಗ, ಫುಕುವೋಕಾ