ಭರತದ (ಉಬ್ಬರದ) ಹೊತ್ತಿನಲ್ಲಿ ಹಕ್ಕಿಗಳನ್ನು ಎಬ್ಬಿಸಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಅಘನಾಶಿನಿ ಅಳಿವೆಗೆ ಚಳಿಗಾಲದಲ್ಲಿ ಹಕ್ಕಿ ನೋಡಲು ಬರುವವರು ಈಗ ಜಾಸ್ತಿಯಾಗಿದ್ದಾರೆ. 2024ರ ಜನವರಿಯಲ್ಲಿ ಅಳಿವೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲಂತೂ ಹುಬ್ಬಳ್ಳಿ, ಬೆಂಗಳೂರಿನಿಂದಲೂ ತಂಡ ಕಟ್ಟಿಕೊಂಡು ಬರುತ್ತಾರೆ. ಬರಲಿ, ಸಂತೋಷವೇ. ಆದರೆ ಬಂದವರು ಹಕ್ಕಿಗಳ ಹತ್ತಿರ ಹೇಗೆ ನಡೆದುಕೊಳ್ಳಬೇಕು ಎಂದು ಯಾರೂ ಹೇಳಿಕೊಡುತ್ತಿಲ್ಲ. ಕಳೆದ ಜನವರಿಯಲ್ಲಿ ಅಂಥದ್ದೊಂದು ತಂಡದ ಜೊತೆ ನಾನೂ ಹೋಗಿದ್ದೆ. ಅಲ್ಲಿ ಕಂಡದ್ದು ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಈ ಪತ್ರ.

ನಾವು ಹೋದಾಗ ಇಳಿತ. ನೀರು ಸರಿದು ಕೆಸರಿನ ಬಯಲು ಉದ್ದಕ್ಕೂ ತೆರೆದುಕೊಂಡಿತ್ತು. ಸಣ್ಣ ಪ್ಲೋವರ್ ಹಕ್ಕಿಗಳು ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕುಕ್ಕಿ, ಮತ್ತೆ ಓಡುತ್ತಿದ್ದವು. ಸ್ವಲ್ಪ ಆಚೆ ಒಂದು ಕರ್ಲ್ಯೂ. ಕೆಳಗೆ ಬಾಗಿದ ಉದ್ದನೆಯ ಕೊಕ್ಕನ್ನು ಮುಖ ಮುಳುಗುವ ತನಕ ಕೆಸರಿಗೆ ತೂರಿಸಿ ಒಂದು ಏಡಿಯನ್ನು ಎಳೆದು ತೆಗೆಯಿತು. ಅದನ್ನು ಜಾಡಿಸಿ ಜಾಡಿಸಿ ಕಾಲುಗಳನ್ನು ಉದುರಿಸಿತು, ಆಮೇಲೆ ನುಂಗಿತು. ತಂಡದಲ್ಲಿದ್ದ ಏಳನೇ ತರಗತಿಯ ಹುಡುಗಿಯೊಬ್ಬಳು ಟೆಲಿಸ್ಕೋಪಿನಿಂದ ಕಣ್ಣು ತೆಗೆಯಲೇ ಇಲ್ಲ. ಕೆಸರಿನಿಂದ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವ ಹೆಂಗಸರು ಸೊಂಟ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ಹಕ್ಕಿಗಳು ಅವರ ಪಕ್ಕದಲ್ಲೇ ಮೇಯುತ್ತಿದ್ದವು. "ನಾವು ದಿನಾ ಬರೂದು, ಅವ್ಕೆ ನಮ್ಮ ಗುರ್ತ ಅದೆ ಅಕ್ಕೋರೆ" ಎಂದಳು ಒಬ್ಬಳು.

ಮಧ್ಯಾಹ್ನದ ಹೊತ್ತಿಗೆ ಭರತ ಏರಿತು. ಬಯಲೆಲ್ಲ ಮುಳುಗಿತು. ಹಕ್ಕಿಗಳೆಲ್ಲ ಒಂದು ಮರಳು ದಿಬ್ಬಕ್ಕೂ ಅದರಾಚೆಯ ಗಜನಿಯ (ಉಪ್ಪುನೀರಿನ ತಗ್ಗು ಗದ್ದೆಯ) ಒಡ್ಡಿಗೂ ಬಂದು ಒತ್ತಾಗಿ ಕುಳಿತವು. ಪ್ಲೋವರ್, ಗೊರವ, ರೀವ, ಕಡಲಕಾಗೆ ಎಲ್ಲ ಒಟ್ಟಿಗೆ. ಹೆಚ್ಚಿನವು ಒಂಟಿ ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸೇರಿಸಿ ನಿದ್ದೆ ಮಾಡುತ್ತಿದ್ದವು. ಆಗ ಶುರುವಾಯಿತು. ನಮ್ಮನ್ನು ಕರೆದುಕೊಂಡು ಹೋದವರೇ, ಗುಂಪು ಮೇಲೇಳುವಾಗ ಫೋಟೋ ಚಂದ ಬರುತ್ತದೆ ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಒಬ್ಬರು ಚಪ್ಪಾಳೆ ತಟ್ಟುತ್ತಾ ದಿಬ್ಬದ ಕಡೆ ನಡೆದರು. ಹಕ್ಕಿಗಳು ಎದ್ದವು, ನೀರಿನ ಮೇಲೆ ಸುತ್ತು ಹಾಕಿದವು, ವಾಪಸ್ ಬಂದು ಇಳಿದವು. ಮತ್ತೆ ಎಬ್ಬಿಸಿದರು. ಕೊನೆಗೆ ಒಬ್ಬರು ಡ್ರೋನ್ ಹಾರಿಸಿದರು. ನಾನು ಬೇಡವೆಂದೆ. "ಹಕ್ಕಿ ಹಾರೋಕೇ ಅಲ್ವಾ ಇರೋದು ಮೇಡಂ?" ಎಂದರು. ಹುಡುಗಿ ನನ್ನ ಮುಖ ನೋಡಿದಳು.

ಆ ಪ್ರಶ್ನೆಗೆ ಉತ್ತರ ಇಲ್ಲಿ ಕೊಡುತ್ತೇನೆ. ಈ ಹಕ್ಕಿಗಳ ದಿನ ನಡೆಯುವುದು ಸೂರ್ಯನ ಮೇಲಲ್ಲ, ನೀರಿನ ಮೇಲೆ. ಇಳಿತ ಬಂದಾಗ ಹಗಲಿರಲಿ, ರಾತ್ರಿ ಇರಲಿ, ಅವು ಮೇಯಲೇಬೇಕು. ಭರತದಲ್ಲಿ ಊಟದ ಜಾಗವೇ ಮುಳುಗಿರುತ್ತದೆ. ಅವುಗಳ ವಿಶ್ರಾಂತಿಯ ಹೊತ್ತು ಅದೊಂದೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಎತ್ತರಕ್ಕೆ ಏರಿ ದಿಬ್ಬಗಳೂ ಮುಳುಗುತ್ತವೆ. ಆಗ ಉಳಿಯುವುದು ಒಂದೆರಡು ಒಡ್ಡು ಮಾತ್ರ. ಅಲ್ಲಿಂದಲೂ ಓಡಿಸಿದರೆ ಅವು ಹೋಗುವುದೆಲ್ಲಿಗೆ? ನಮ್ಮ ಕರಾವಳಿಗೆ ಬರುವ ಸಣ್ಣ ಮರಳು ಪ್ಲೋವರ್‌ಗಳು ಮರಿ ಮಾಡುವುದು ಟಿಬೆಟ್, ಹಿಮಾಲಯದ ಎತ್ತರದ ನೆಲದಲ್ಲಿ. ಮಾರ್ಚ್, ಏಪ್ರಿಲ್ ಹೊತ್ತಿಗೆ ಅಷ್ಟು ದೂರ ವಾಪಸ್ ಹಾರಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಸುಮ್ನೆ ಎಬ್ಬಿಸಿದ ಪ್ರತಿ ಸಲವೂ ಅದರಲ್ಲಿ ಸ್ವಲ್ಪ ಕರಗುತ್ತದೆ. ಶನಿವಾರ ಒಂದು ತಂಡ, ಭಾನುವಾರ ಇನ್ನೊಂದು ತಂಡ ಬಂದು ಇದನ್ನೇ ಮಾಡಿದರೆ?

ಹತ್ತಿರದಿಂದ ನೋಡಲು ಬೇರೆ ದಾರಿಯೇ ಇಲ್ಲವೇ ಎಂದು ಕೇಳಬಹುದು. ಇದೆ, ಸುಲಭವೂ ಹೌದು. ಭರತ ತುಂಬುವುದಕ್ಕೆ ಎರಡು ಗಂಟೆ ಮೊದಲೇ ಹೋಗಿ ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಮರೆಗೆ ಅಲ್ಲಾಡದೆ ಕುಳಿತುಕೊಳ್ಳಿ. ನೀರು ಏರಿದ ಹಾಗೆ ಹಕ್ಕಿಗಳೇ ಮೇಯುತ್ತಾ ನಿಮ್ಮ ಕಡೆ ಬರುತ್ತವೆ. ನಿದ್ದೆಯಲ್ಲಿದ್ದ ಹಕ್ಕಿಗಳು ತಲೆ ಎತ್ತಿದರೆ, ಎತ್ತಿದ ಕಾಲು ಕೆಳಗಿಟ್ಟರೆ, ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ ಎಂದೇ ಅರ್ಥ. ಅಲ್ಲೇ ನಿಲ್ಲಿ, ಮೆಲ್ಲಗೆ ಹಿಂದೆ ಬನ್ನಿ. ಡ್ರೋನ್ ಅಂತೂ ಬೇಡವೇ ಬೇಡ. ಆಕಾಶದಲ್ಲಿ ಅದನ್ನು ಕಂಡರೆ ಹಕ್ಕಿಗಳಿಗೆ ಹದ್ದೋ ಡೇಗೆಯೋ ಬಂತೆಂಬ ಭಯ.

ತಂಡ ಕಟ್ಟುವವರು ಭರತ ಇಳಿತದ ಹೊತ್ತು ನೋಡಿಯೇ ದಿನ ಗೊತ್ತು ಮಾಡಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಲ್ಲಿನ ಮೀನುಗಾರರು ತಿಥಿ ಕೇಳಿದರೆ ಸಾಕು, ಹೊತ್ತು ಹೇಳಿಬಿಡುತ್ತಾರೆ. ಅಂಥ ಒಬ್ಬರನ್ನು, ಇಲ್ಲವೇ ಬಳಚು ತೆಗೆಯುವ ಒಬ್ಬ ಹೆಂಗಸನ್ನು ದಿನದ ಸಂಬಳ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದಿಂದ ಬರುವ ಮಣ್ಣು ಇಲ್ಲಿಯ ತನಕ ಬಂದು ಈ ಬಯಲನ್ನು ಕಟ್ಟಿದೆ. ಅದರ ಏಡಿ, ಹುಳ, ಬಳಚಿನ ಮೇಲೆ ಹಕ್ಕಿಗಳೂ ಬದುಕಿವೆ, ಸಾವಿರಾರು ಮನೆಗಳೂ ಬದುಕಿವೆ. ಎಲ್ಲಿ ಕಾಲಿಡಬಹುದು, ಎಲ್ಲಿ ಇಡಬಾರದು ಎಂಬುದು ಆ ಮನೆಯವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು?

ಜನವರಿಯಲ್ಲಿ ಏಷ್ಯಾದ ನೀರಹಕ್ಕಿ ಗಣತಿ ನಡೆಯುತ್ತದೆ. 1987ರಿಂದ ನಡೆದುಬಂದ ಕೆಲಸ ಅದು. ಹಕ್ಕಿಗಳು ಕುಳಿತಿದ್ದರೆ ಎಣಿಕೆ ಸರಿಯಾಗುತ್ತದೆ. ಎಬ್ಬಿಸಿದ ಗುಂಪನ್ನು ಎಣಿಸುವುದು ಬಹಳ ಕಷ್ಟ. ಕುಮಟಾ ಸುತ್ತಲಿನ ಶಾಲೆಯ ಮಕ್ಕಳನ್ನು ಇದಕ್ಕೆ ಸೇರಿಸಿಕೊಂಡರೆ ಎಷ್ಟು ಚೆನ್ನಾಗಿರುತ್ತದೆ! ಟೆಲಿಸ್ಕೋಪ್ ಬಿಡದ ಆ ಹುಡುಗಿಯಂಥವರು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಇಷ್ಟು ವರ್ಷ ವಿಜ್ಞಾನ ಕಲಿಸಿದ ನನಗೆ ಇದು ಚೆನ್ನಾಗಿ ಗೊತ್ತು.

ತಂಡಗಳು ಇಳಿಯುವ ಜಾಗಗಳಲ್ಲಿ, ತದಡಿಯಲ್ಲಿ, ಮಿರ್ಜಾನಿನ ಕಡೆಯಲ್ಲಿ, ಕನ್ನಡದಲ್ಲಿ ಒಂದೊಂದು ಫಲಕ ಹಾಕಿ ಎಂದು ಅರಣ್ಯ ಇಲಾಖೆಯನ್ನೂ ಜಿಲ್ಲಾಡಳಿತವನ್ನೂ ಕೇಳಿಕೊಳ್ಳುತ್ತೇನೆ. ಭರತದ ಹೊತ್ತಿನಲ್ಲಿ ದಿಬ್ಬ ಮತ್ತು ಒಡ್ಡಿನ ಕಡೆ ಹೋಗಬಾರದು, ಡ್ರೋನ್ ಹಾರಿಸಬಾರದು ಎಂದು ಬರೆದರೆ ಸಾಕು. ನಿಮ್ಮ ಪತ್ರಿಕೆಯವರಲ್ಲೂ ಒಂದು ವಿನಂತಿ. ಅಳಿವೆಯ ಹಕ್ಕಿಗಳ ಫೋಟೋ ಯಾರಾದರೂ ಕಳಿಸಿದರೆ, ಬೇಕೆಂದೇ ಎಬ್ಬಿಸಿ ತೆಗೆದದ್ದೇ ಎಂದು ಕೇಳಿ, ಹಾಗಿದ್ದರೆ ಅಚ್ಚು ಹಾಕಬೇಡಿ. ಮುಂದಿನ ಚಳಿಗಾಲದ ಮೊದಲ ಪ್ಲೋವರ್‌ಗಳು ಆಗಸ್ಟ್ ಹೊತ್ತಿಗೇ ಬರಲು ಶುರುವಾಗುತ್ತವೆ. ಫಲಕ ಅಷ್ಟರೊಳಗೆ ನಿಲ್ಲಬೇಕು.

— ನಿವೃತ್ತ ವಿಜ್ಞಾನ ಶಿಕ್ಷಕಿ, ಕುಮಟಾ