ಬೈತಖೋಲ್ ಬಂದರಿನ ಆ ಮೇಸ್ತ್ರಿಗೆ

ಹೊಸ ಮೇನ್ ಬೇರಿಂಗ್ (ಕ್ರ್ಯಾಂಕ್ ಶಾಫ್ಟ್ ಕೂತು ತಿರುಗುವ ಬೇರಿಂಗ್) ಹಾಕಿದ ಮೇಲೆ ಜಾಮ್ ಆದ ದೋಣಿ ಇಂಜಿನ್ನಿಗೆ ಪೈಪ್ ಕೊಟ್ಟು ಜಗ್ಗುವುದನ್ನು ತಡೆದು, ಹೆಸರೂ ಹೇಳದೆ ಹೋದ ಮೇಸ್ತ್ರಿಯವರೇ, ದೊಡ್ಡ ನಮಸ್ಕಾರ. ನೀವಂದಂತೆ ಮೊದಲು ಇಂಜೆಕ್ಟರ್ ಬಿಚ್ಚಿದೆವು, ನೀರು ತುಂಬಿದ್ದರೂ ಜಾಮ್ ಆಗುತ್ತದಲ್ಲ, ಆದರೆ ಸಿಲಿಂಡರಿನಲ್ಲಿ ನೀರಿರಲಿಲ್ಲ. ಆಮೇಲೆ ಬೇರಿಂಗ್ ಹಿಡಿದಿಡುವ ಮೇನ್ ಕ್ಯಾಪ್‌ಗಳನ್ನು ಒಂದೊಂದಾಗಿ ಸಡಿಲಿಸುತ್ತ ಫ್ಲೈವೀಲ್ ತಿರುಗಿಸಿದೆವು. ಮೂರನೆಯದು ಸಡಿಲಾದದ್ದೇ ತಡ, ಕೈಯಲ್ಲೇ ತಿರುಗಿತು. ಕ್ಯಾಪ್ ಉಲ್ಟಾ! ಬೇರಿಂಗಿನ ಎರಡು ಅರ್ಧಹೋಳುಗಳ (ಶೆಲ್) ನಾಲಿಗೆಗಳೂ ಒಂದೇ ಬದಿಗೆ ಬರಬೇಕಿತ್ತು, ಬಂದಿರಲಿಲ್ಲ. ಕ್ಯಾಪ್ ಕೂರಿಸಿಯೇ ಬ್ಲಾಕ್ ಕೊರೆದಿರುತ್ತಾರಾದ್ದರಿಂದ ತಿರುಗಿಸಿ ಹಾಕಿದರೆ ರಂಧ್ರದ ಗುಂಡಗಿನ ಆಕಾರ ಕೆಟ್ಟು ಶಾಫ್ಟ್ ಹಿಚುಕಿಕೊಳ್ಳುತ್ತದೆ. ಶೆಲ್ ಜೋಡಣೆಯ ಅಂಚಿನಲ್ಲಿ ಉಗುರಗಲ ಉಜ್ಜಿ ಹೊಳೆಯುತ್ತಿತ್ತು. ಆ ಶೆಲ್ ಜೋಡಿ ಬದಲಿಸಿ, ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿನ ಅಳತೆ ತೋರಿಸುವ ಮೆತ್ತನೆಯ ಎಳೆ) ಇಟ್ಟು, ಬೋಲ್ಟುಗಳನ್ನು ಪೂರ್ತಿ ಟಾರ್ಕ್ ಕೊಟ್ಟು ಬಿಗಿದು ಅಳೆದರೆ ಸಂದು 0.07 ಮಿ.ಮೀ. ಕ್ಯಾಪ್‌ಗಳಿಗೆಲ್ಲ ಪಂಚ್ ಗುರುತು ಹಾಕಿದ್ದೇವೆ. ಚಹಾ ಬಾಕಿಯಿದೆ, ಬನ್ನಿ.